ಅಡಿಕೆ ಸಿಪ್ಪೆಯ ನಾರು ಬೆರೆಸಿದರೂ ಜೈವಿಕ ಪ್ಲಾಸ್ಟಿಕ್ಕಿನ ಬಲ ಏಕೆ ಹೆಚ್ಚುತ್ತಿಲ್ಲ?

ಪ್ರಶ್ನೆ: ಸಾಗರದ ನರ್ಸರಿ

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನಲ್ಲಿ ನಮ್ಮ ಕುಟುಂಬಕ್ಕೆ ಅಡಿಕೆ ತೋಟವಿದೆ, ಅದರೊಂದಿಗೆ ಅಡಿಕೆ, ಕಾಳುಮೆಣಸು ಮತ್ತು ಕಾಫಿ ಸಸಿಗಳ ನರ್ಸರಿಯೂ ಇದೆ. ಪ್ರತಿ ಮಳೆಗಾಲದಲ್ಲಿ ನಾಟಿ ಮುಗಿದ ಮೇಲೆ ತೋಟದ ತುಂಬ ಉಳಿಯುವ ಕಪ್ಪು ಪ್ಲಾಸ್ಟಿಕ್ ಕೊಟ್ಟೆಗಳನ್ನು ಆರಿಸಿ ಮುಗಿಸುವುದೇ ಒಂದು ದೊಡ್ಡ ಕೆಲಸ, ಎಷ್ಟು ಆರಿಸಿದರೂ ಮಣ್ಣಿನಲ್ಲಿ ಚೂರುಗಳು ಉಳಿದೇ ಉಳಿಯುತ್ತವೆ. ಇನ್ನೊಂದು ಕಡೆ, ಕೊಯ್ಲಿನ ಕಾಲದಲ್ಲಿ ಸುಲಿದ ಹಸಿ ಅಡಿಕೆಯ ಸಿಪ್ಪೆ ರಸ್ತೆಬದಿಯಲ್ಲಿ ರಾಶಿ ಬಿದ್ದು ಕೊಳೆಯುತ್ತದೆ, ಬೆಂಕಿ ಹಚ್ಚಿದರೆ ದಿನಗಟ್ಟಲೆ ಹೊಗೆಯಾಡುತ್ತದೆ. ಈ ಸಿಪ್ಪೆಯ ನಾರನ್ನು ಜೈವಿಕವಾಗಿ ವಿಘಟನೆಯಾಗುವ ಪ್ಲಾಸ್ಟಿಕ್ಕಿಗೆ ಬೆರೆಸಿ, ಗಿಡದ ಜೊತೆಯಲ್ಲಿಯೇ ಗುಂಡಿಗೆ ಇಳಿಸಬಹುದಾದ ಸಸಿ ಕುಂಡಗಳನ್ನು ಮಾಡಲು ಸಾಧ್ಯವೇ ಎಂದು ನೋಡುತ್ತಿದ್ದೇವೆ.

ಪರಿಚಿತರೊಬ್ಬರ ಘಟಕದಲ್ಲಿ ಇರುವ, ಪ್ಲಾಸ್ಟಿಕ್ಕನ್ನು ಕರಗಿಸಿ ಸ್ಕ್ರೂವಿನಿಂದ ಹೊರತಳ್ಳುವ ಯಂತ್ರವಾದ ಎಕ್ಸ್‌ಟ್ರೂಡರ್‌ನಲ್ಲಿ ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲ ಎಂಬ ಸಸ್ಯಮೂಲದ ಪ್ಲಾಸ್ಟಿಕ್) ಗ್ರ್ಯಾನ್ಯೂಲ್‌ಗಳಿಗೆ ತೂಕದಲ್ಲಿ ಶೇಕಡಾ 30ರಷ್ಟು ನಾರು ಸೇರಿಸಿ ಪಟ್ಟಿಗಳನ್ನು ತೆಗೆಸಿದೆವು. ನಾರನ್ನು ಸಿಪ್ಪೆಯಿಂದ ಬಿಡಿಸಿ, ಬಿಸಿಲಿನಲ್ಲಿ ಒಣಗಿಸಿ, ಅರ್ಧ ಸೆಂಟಿಮೀಟರಿನಷ್ಟು ಉದ್ದಕ್ಕೆ ಕತ್ತರಿಸಲಾಗಿತ್ತು. ಬಂದ ಪಟ್ಟಿಗಳು ಕಡು ಕಂದು ಬಣ್ಣಕ್ಕೆ ತಿರುಗಿದ್ದವು, ಒಳಗೆ ಸಣ್ಣ ಗುಳ್ಳೆಗಳಿದ್ದವು, ಹುಳಿಯಾದ ಸುಟ್ಟ ವಾಸನೆಯೂ ಇತ್ತು. ಎಳೆದು ಪರೀಕ್ಷಿಸಿದಾಗ ನಾರಿಲ್ಲದ ಪಿಎಲ್‌ಎ ಪಟ್ಟಿಗಿಂತ ಬೇಗ ತುಂಡಾದವು, ಬಾಗದೆ ನಿಲ್ಲುವ ಗುಣದಲ್ಲಿಯೂ ಹೇಳಿಕೊಳ್ಳುವ ಹೆಚ್ಚಳ ಕಾಣಲಿಲ್ಲ. ನಾರು ಸೇರಿಸಿದರೆ ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ ಎಂದು ಓದಿದ ಎಲ್ಲ ಕಡೆಯೂ ಬರೆದಿರುವಾಗ ನಮ್ಮಲ್ಲಿ ಮಾತ್ರ ಹೀಗಾಗಲು ಕಾರಣವೇನು? ನಾರನ್ನು ಕಾಸ್ಟಿಕ್ ಸೋಡಾದಲ್ಲಿ ಸಂಸ್ಕರಿಸುವುದು ಅನಿವಾರ್ಯವೇ? ಪಿಎಲ್‌ಎ ಬಿಟ್ಟು ಬೇರೆ ಪ್ಲಾಸ್ಟಿಕ್ ಆರಿಸಬೇಕೇ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ: ಪೀಣ್ಯದ ಪಾಲಿಮರ್ ಎಂಜಿನಿಯರ್

ನಮಸ್ಕಾರ. ನೀವು ವಿವರಿಸಿದ ಲಕ್ಷಣಗಳೆಲ್ಲವೂ ಒಂದಕ್ಕೊಂದು ಹೊಂದಿಕೊಂಡಿವೆ, ಆದ್ದರಿಂದ ಕಾರಣಗಳನ್ನು ಸಾಕಷ್ಟು ಖಚಿತವಾಗಿ ಹೇಳಬಹುದು.

ಮೊದಲನೆಯದು ತೇವಾಂಶ. ಪಿಎಲ್‌ಎ ಒಂದು ಪಾಲಿಯೆಸ್ಟರ್. ಅದರ ಉದ್ದನೆಯ ಸರಪಳಿಗಳನ್ನು ಹಿಡಿದಿಟ್ಟಿರುವ ಎಸ್ಟರ್ ಬಂಧಗಳನ್ನು ಬಿಸಿ ನೀರಾವಿ ಸುಲಭವಾಗಿ ಕಡಿಯುತ್ತದೆ. ಅದಕ್ಕಾಗಿಯೇ ಈ ಗ್ರ್ಯಾನ್ಯೂಲ್‌ಗಳನ್ನು ಕರಗಿಸುವ ಮೊದಲು ತೇವಾಂಶವನ್ನು ಶೇಕಡಾ 0.025ಕ್ಕಿಂತ ಕೆಳಗೆ ಇಳಿಸಬೇಕೆಂದು ತಯಾರಕರು ಹೇಳುತ್ತಾರೆ. ಬಿಸಿಲಿನಲ್ಲಿ ಒಣಗಿಸಿದ ನಾರು ಕೈಗೆ ಒಣಗಿದಂತೆ ಕಂಡರೂ ಮಲೆನಾಡಿನ ಹವೆಯಲ್ಲಿ ಅದರೊಳಗೆ ಶೇಕಡಾ 10ರ ಆಸುಪಾಸಿನಲ್ಲಿ ನೀರು ಉಳಿದಿರುತ್ತದೆ. ಶೇಕಡಾ 30ರಷ್ಟು ನಾರು ಸೇರಿಸಿದಾಗ ಇಡೀ ಮಿಶ್ರಣದ ಶೇಕಡಾ 3ರಷ್ಟು ನೀರೇ ಆಯಿತು, ಅಂದರೆ ಪಿಎಲ್‌ಎ ಸಹಿಸುವ ಮಿತಿಯ 120 ಪಟ್ಟು. ನೀವು ಕಂಡ ಗುಳ್ಳೆಗಳು ಆ ಆವಿಯೇ. ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ, ಆದರೆ ಸರಪಳಿಗಳು ತುಂಡಾಗಿ ಪ್ಲಾಸ್ಟಿಕ್ ಒಳಗಿನಿಂದಲೇ ದುರ್ಬಲಗೊಂಡಿರುವುದು ಕಾಣುವುದಿಲ್ಲ, ಅದು ಇನ್ನೂ ದೊಡ್ಡ ಹಾನಿ. ನಾರನ್ನು ಬಿಸಿಗಾಳಿಯ ಓವನ್‌ನಲ್ಲಿ 100 ಡಿಗ್ರಿಯ ಸುಮಾರಿಗೆ ಹಲವು ಗಂಟೆ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ, ತಣ್ಣಗಾಗಲು ಬಿಡದೆ ನೇರವಾಗಿ ಯಂತ್ರಕ್ಕೆ ಹಾಕಬೇಕು. ಹೊರಗಿಟ್ಟರೆ ಅದು ಬಹಳ ಬೇಗ ಮತ್ತೆ ತೇವ ಎಳೆದುಕೊಳ್ಳುತ್ತದೆ. ಗ್ರ್ಯಾನ್ಯೂಲ್‌ಗಳಿಗೆ ಒಣ ಗಾಳಿ ಹಾಯಿಸುವ ಡ್ರೈಯರ್ ಬೇಕು, ಸಾಧಾರಣ ಓವನ್ ಮಳೆಗಾಲದಲ್ಲಿ ಸಾಲದು. ಎಕ್ಸ್‌ಟ್ರೂಡರ್‌ನಲ್ಲಿ ಆವಿ ಹೊರಹೋಗುವ ವೆಂಟ್ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಎರಡನೆಯದು ಶಾಖ. ನಾರಿನಲ್ಲಿರುವ ಹೆಮಿಸೆಲ್ಯುಲೋಸ್ 200 ಡಿಗ್ರಿ ದಾಟುತ್ತಿದ್ದಂತೆ ಒಡೆಯತೊಡಗುತ್ತದೆ, ಆಗ ಅಸಿಟಿಕ್ ಆಮ್ಲವೂ ಹೊರಬರುತ್ತದೆ. ನಿಮಗೆ ಬಂದ ಹುಳಿ ವಾಸನೆ ಅದರದ್ದು. ಪಿಎಲ್‌ಎ ಕರಗಲು 150ರಿಂದ 180 ಡಿಗ್ರಿ ಬೇಕು, ಸರಾಗವಾಗಿ ಹರಿಯಲು ಇನ್ನೂ ಹೆಚ್ಚು. ಜೊತೆಗೆ ಸ್ಕ್ರೂವಿನ ಉಜ್ಜಾಟದಿಂದ ಒಳಗಿನ ತಾಪ, ಫಲಕದಲ್ಲಿ ಕಾಣುವ ಅಂಕಿಗಿಂತ ಮೇಲೆಯೇ ಇರುತ್ತದೆ. ಹೀಗಾಗಿ ಪಿಎಲ್‌ಎ ಮತ್ತು ಸಸ್ಯದ ನಾರಿನ ನಡುವೆ ಕೆಲಸ ಮಾಡಲು ಸಿಗುವ ಅವಕಾಶ ತೀರ ಕಿರಿದು.

ಆದರೆ ಇವೆರಡನ್ನೂ ಸರಿಪಡಿಸಿದರೂ ನೀವು ನಿರೀಕ್ಷಿಸಿದ ಬಲ ಬರುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪಿಎಲ್‌ಎ ಸ್ವತಃ ಬಹಳ ಬಿರುಸಾದ ಪ್ಲಾಸ್ಟಿಕ್. ಅದರ ಯಂಗ್ ಗುಣಾಂಕ (ಬಾಗದೆ, ಹಿಗ್ಗದೆ ನಿಲ್ಲುವ ಗುಣದ ಅಳತೆ) ಸುಮಾರು 3.5 ಗಿಗಾಪಾಸ್ಕಲ್. ತೆಂಗಿನ ನಾರಿನದು 4ರಿಂದ 6 ಗಿಗಾಪಾಸ್ಕಲ್, ಅಡಿಕೆ ಸಿಪ್ಪೆಯ ನಾರನ್ನೂ ಅದೇ ಸಾಲಿಗೆ ಸೇರಿಸಿ ಲೆಕ್ಕ ಹಾಕೋಣ. ಎಲ್ಲ ದಿಕ್ಕಿಗೂ ಚದುರಿ ಬಿದ್ದ ಗಿಡ್ಡ ನಾರುಗಳು ಎಳೆತದ ದಿಕ್ಕಿನಲ್ಲಿ ತಮ್ಮ ಗುಣಾಂಕದ ಐದನೆಯ ಒಂದು ಪಾಲನ್ನು ಮಾತ್ರ ಕೊಡುತ್ತವೆ ಎಂಬುದು ಸಾಮಾನ್ಯ ಅಂದಾಜು. ನಾರಿನ ಗುಣಾಂಕ 5 ಎಂದಿಟ್ಟುಕೊಂಡರೆ, ಶೇಕಡಾ 30ರ ಮಿಶ್ರಣದಲ್ಲಿ ನಾರಿನಿಂದ ಬರುವುದು 0.3 ಗಿಗಾಪಾಸ್ಕಲ್, ಉಳಿದ ಶೇಕಡಾ 70ರಷ್ಟು ಪಿಎಲ್‌ಎಯಿಂದ 2.45, ಒಟ್ಟು 2.75. ಅಂದರೆ ನಾರು ಸೇರಿಸಿದ್ದರಿಂದ ಏರಿಕೆಯ ಬದಲು ಇಳಿಕೆಯೇ ಆಯಿತು. ನಾರುಗಳು ಹರಿವಿನ ದಿಕ್ಕಿಗೆ ಒಂದಿಷ್ಟು ಮಲಗಿದರೆ ಅಂಕಿ ತುಸು ಮೇಲೇರಬಹುದು, ಆದರೆ ಚಿತ್ರ ಬದಲಾಗುವುದಿಲ್ಲ.

ಇದೇ ಲೆಕ್ಕವನ್ನು ಪಿಬಿಎಟಿ ಎಂಬ, ಜೈವಿಕವಾಗಿ ವಿಘಟನೆಯಾಗುವ ಇನ್ನೊಂದು ಪ್ಲಾಸ್ಟಿಕ್ಕಿಗೆ ಹಾಕಿ ನೋಡಿ. ಅದು ಮೃದುವಾದ, ತುಂಡಾಗುವ ಮೊದಲು ತನ್ನ ಉದ್ದದ ಹಲವು ಪಟ್ಟು ಹಿಗ್ಗುವ ಪ್ಲಾಸ್ಟಿಕ್, ಗುಣಾಂಕ 0.1 ಗಿಗಾಪಾಸ್ಕಲ್‌ನಷ್ಟು ಮಾತ್ರ. ಅದೇ ನಾರಿನಿಂದ 0.3, ಪ್ಲಾಸ್ಟಿಕ್ಕಿನಿಂದ 0.07, ಒಟ್ಟು 0.37. ಮೂರು ಪಟ್ಟಿಗಿಂತ ಹೆಚ್ಚು. ಪಿಬಿಎಟಿ ಕರಗುವುದು 110ರಿಂದ 120 ಡಿಗ್ರಿಯಲ್ಲಿ, ಕೆಲಸ ಮಾಡುವುದು 140ರಿಂದ 160ರಲ್ಲಿ, ಆದ್ದರಿಂದ ನಾರು ಸುಡುವ ಭಯವೂ ಇಲ್ಲ. ನಾರು ತನಗಿಂತ ತೀರ ಮೃದುವಾದ ಪ್ಲಾಸ್ಟಿಕ್ಕಿಗೆ ಬಲ ಕೊಡುತ್ತದೆ, ತನ್ನಷ್ಟೇ ಬಿರುಸಾದ ಪ್ಲಾಸ್ಟಿಕ್ಕಿನಲ್ಲಿ ಅದು ಬರೀ ಜಾಗ ತುಂಬುವ ವಸ್ತುವಾಗಿ ಉಳಿಯುತ್ತದೆ. ನೀವು ಓದಿದ ಬರಹಗಳಲ್ಲಿ ಪಿಎಲ್‌ಎಗೆ ಬಲ ಬಂದಿದ್ದರೆ, ಅಲ್ಲಿ ಬಳಸಿದ ನಾರು ಸೆಣಬು, ಅಗಸೆ ಅಥವಾ ಕೆನಾಫ್ ಆಗಿರುವ ಸಾಧ್ಯತೆಯೇ ಹೆಚ್ಚು.

ಇನ್ನು ನಾರಿನ ಉದ್ದ ಮತ್ತು ಅಂಟಿಕೆ. ಎಳೆತದ ಭಾರ ಪ್ಲಾಸ್ಟಿಕ್ಕಿನಿಂದ ನಾರಿಗೆ ದಾಟುವುದು ಅವೆರಡೂ ತಾಗುವ ಮೇಲ್ಮೈಯ ಮೂಲಕ ಮಾತ್ರ. ನಯವಾದ ಸರಳು ಕಾಂಕ್ರೀಟಿನಿಂದ ಜಾರಿ ಬರುವಂತೆ, ಅಂಟಿಕೊಳ್ಳದ ನಾರು ಮುರಿಯುವ ಮೊದಲೇ ಕಳಚಿ ಬರುತ್ತದೆ. ಕಳಚದೆ ಪೂರ್ಣ ಭಾರ ಹೊರಲು ನಾರಿಗೆ ಇರಬೇಕಾದ ಕನಿಷ್ಠ ಉದ್ದವನ್ನು ಹೀಗೆ ಲೆಕ್ಕ ಹಾಕುತ್ತಾರೆ: ನಾರಿನ ಬಲವನ್ನು ಅದರ ವ್ಯಾಸದಿಂದ ಗುಣಿಸಿ, ಅಂಟಿಕೆಯ ಬಲದ ಎರಡರಷ್ಟರಿಂದ ಭಾಗಿಸಬೇಕು. ಉದಾಹರಣೆಗೆ ನಾರಿನ ಬಲ 150 ಮೆಗಾಪಾಸ್ಕಲ್, ವ್ಯಾಸ 0.2 ಮಿಲಿಮೀಟರ್, ಅಂಟಿಕೆ 5 ಮೆಗಾಪಾಸ್ಕಲ್ ಎಂದಿಟ್ಟುಕೊಂಡರೆ 3 ಮಿಲಿಮೀಟರ್ ಬೇಕು. ಅಂಟಿಕೆಯನ್ನು 10ಕ್ಕೆ ಏರಿಸಿದರೆ 1.5 ಸಾಕು. ನೀವು ಹಾಕಿದ್ದು ಅರ್ಧ ಸೆಂಟಿಮೀಟರಿನ ನಾರಾದರೂ, ಎಕ್ಸ್‌ಟ್ರೂಡರ್ ಸ್ಕ್ರೂವಿನಿಂದ ಹೊರಬರುವಾಗ ಅದರ ಬಹುಪಾಲು 1 ಮಿಲಿಮೀಟರಿಗಿಂತ ಚಿಕ್ಕದಾಗಿ ಪುಡಿಯಾಗಿರುತ್ತದೆ. ಪಟ್ಟಿಯ ಒಂದು ತುಂಡಿನಿಂದ ಪ್ಲಾಸ್ಟಿಕ್ಕನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ ಉಳಿದ ನಾರನ್ನು ಅಳೆದರೆ ಇದು ಗೊತ್ತಾಗುತ್ತದೆ. ಆ ಕೆಲಸವನ್ನು ಹೊಗೆ ಹೀರುವ ವ್ಯವಸ್ಥೆ ಇರುವ ಕಾಲೇಜಿನ ಪ್ರಯೋಗಾಲಯದಲ್ಲಿ ಮಾತ್ರ ಮಾಡಿಸಿ.

ಉತ್ತರ: ನಾರು ಮತ್ತು ನೂಲು

ಪೀಣ್ಯದವರು ಪ್ಲಾಸ್ಟಿಕ್ಕಿನ ಕಡೆಯಿಂದ ಹೇಳಿದ್ದನ್ನು ನಾನು ನಾರಿನ ಕಡೆಯಿಂದ ಮುಂದುವರಿಸುತ್ತೇನೆ. ಜವಳಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು.

ಸಸ್ಯದ ನಾರಿನ ಬಲ ಎರಡು ಸಂಗತಿಗಳನ್ನು ಅವಲಂಬಿಸಿದೆ: ಅದರಲ್ಲಿ ಸೆಲ್ಯುಲೋಸ್ ಎಷ್ಟಿದೆ, ಮತ್ತು ಆ ಸೆಲ್ಯುಲೋಸಿನ ಸೂಕ್ಷ್ಮ ಎಳೆಗಳು ನಾರಿನ ಉದ್ದಕ್ಕೆ ಎಷ್ಟು ನೇರವಾಗಿ ಮಲಗಿವೆ. ಸೆಣಬಿನಲ್ಲಿ ಈ ಎಳೆಗಳ ಓರೆ 8 ಡಿಗ್ರಿಯಷ್ಟು ಮಾತ್ರ, ಸೆಲ್ಯುಲೋಸ್ ಶೇಕಡಾ 60ಕ್ಕಿಂತ ಹೆಚ್ಚು. ಕತ್ತಾಳೆಯಲ್ಲಿ ಓರೆ 10ರಿಂದ 22 ಡಿಗ್ರಿ. ತೆಂಗಿನ ನಾರಿನಲ್ಲಿ ಅದು 30ರಿಂದ 49 ಡಿಗ್ರಿಯವರೆಗೆ ಹೋಗುತ್ತದೆ, ಎಳೆಗಳನ್ನು ಅಂಟಿಸಿಡುವ ಲಿಗ್ನಿನ್ ಪ್ರಮಾಣವೇ ಶೇಕಡಾ 40ರ ಮೇಲಿದೆ. ಆದ್ದರಿಂದ ತೆಂಗಿನ ನಾರು ಸ್ಪ್ರಿಂಗಿನಂತೆ ಹಿಗ್ಗುತ್ತದೆ, ನೀರಿನಲ್ಲಿ ಬಹುಕಾಲ ಬಾಳುತ್ತದೆ, ಆದರೆ ಎಳೆತದಲ್ಲಿ ಸೆಣಬಿಗೆ ಸಾಟಿಯಲ್ಲ. ಅಡಿಕೆ ಸಿಪ್ಪೆಯ ನಾರಿನಲ್ಲಿ ಹೆಮಿಸೆಲ್ಯುಲೋಸಿನ ಪಾಲು ದೊಡ್ಡದು. ಅದು ನೀರನ್ನು ಹೀರುವ, ಶಾಖಕ್ಕೆ ಮೊದಲು ಸೋಲುವ ಅಂಶ. ನಿಮ್ಮ ಎರಡೂ ತೊಂದರೆಗಳ ಬೇರು ಅಲ್ಲೇ ಇದೆ.

ಇಲ್ಲಿ ಒಂದು ಪ್ರಾದೇಶಿಕ ವ್ಯತ್ಯಾಸವನ್ನು ಗಮನಿಸಬೇಕು. ನಿಮ್ಮ ಕಡೆ ಕೆಂಪಡಿಕೆಗಾಗಿ ಹಸಿ ಕಾಯನ್ನೇ ಸುಲಿಯುತ್ತಾರೆ. ಕರಾವಳಿಯಲ್ಲಿ, ಹಾಗೆಯೇ ಶಿರಸಿ ಭಾಗದಲ್ಲಿ ಚಾಲಿ ಮಾಡುವವರು ಹಣ್ಣಡಿಕೆಯನ್ನು ತಿಂಗಳುಗಟ್ಟಲೆ ಅಂಗಳದಲ್ಲಿ ಒಣಗಿಸಿ ಆಮೇಲೆ ಸುಲಿಯುತ್ತಾರೆ. ಬಲಿತ ಹಣ್ಣಿನ ಒಣ ಸಿಪ್ಪೆಯಲ್ಲಿ ನಾರು ಹೆಚ್ಚು ಗಡುಸಾಗಿರುತ್ತದೆ, ಬಿಡಿಸುವುದೂ ಸುಲಭ. ಎಳೆಯ ಸಿಪ್ಪೆಯ ನಾರಿನ ಜೊತೆ ತಿರುಳಿನಂಥ ಮೆತ್ತನೆಯ ಭಾಗ ಬಹಳಷ್ಟು ಅಂಟಿಕೊಂಡು ಬರುತ್ತದೆ. ಅದು ಬಲ ಕೊಡುವುದಿಲ್ಲ, ನೀರನ್ನು ಮಾತ್ರ ತರುತ್ತದೆ. ಹಸಿ ಸಿಪ್ಪೆಯನ್ನೇ ಬಳಸುವುದಾದರೆ ಕೆಲವು ದಿನ ನೀರಿನಲ್ಲಿ ನೆನೆಹಾಕಿ, ಬಡಿದು, ತೊಳೆದು ಆ ತಿರುಳನ್ನು ಪೂರ್ತಿ ತೆಗೆಯಬೇಕು. ಒಂದೇ ಬಗೆಯ ಸಿಪ್ಪೆಯನ್ನು ಮಾತ್ರ ಬಳಸಿ, ಬೆರಕೆ ಮಾಡಿದರೆ ಪ್ರತಿ ಸಲದ ಫಲಿತಾಂಶ ಬೇರೆ ಬೇರೆ ಬರುತ್ತದೆ.

ಕಾಸ್ಟಿಕ್ ಸೋಡಾದ ವಿಷಯ. ಶೇಕಡಾ 5ರಷ್ಟು ದ್ರಾವಣದಲ್ಲಿ ಸಾಮಾನ್ಯ ತಾಪಮಾನದಲ್ಲಿ ಕೆಲವು ಗಂಟೆ ನೆನೆಸುವುದು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಕ್ರಮ. ಇದರಿಂದ ಮೇಣ, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನಿನ ಒಂದಂಶ ಕರಗಿ ಹೋಗಿ, ನಾರಿನ ಮೈ ಒರಟಾಗಿ, ಪ್ಲಾಸ್ಟಿಕ್ ಹಿಡಿದುಕೊಳ್ಳಲು ಸಂದುಗಳು ತೆರೆಯುತ್ತವೆ. ಹೆಚ್ಚು ಹೊತ್ತು ಬಿಟ್ಟರೆ ನಾರೇ ಸೋಲುತ್ತದೆ. ಹಲವರು ಗಮನಿಸದ ಮಾತೊಂದಿದೆ: ನಾರಿನಲ್ಲಿ ಕ್ಷಾರ ಸ್ವಲ್ಪವಾದರೂ ಉಳಿದರೆ ಅದು ಕರಗಿದ ಪಾಲಿಯೆಸ್ಟರನ್ನು ನೀರಿಗಿಂತಲೂ ವೇಗವಾಗಿ ಕಡಿಯುತ್ತದೆ. ಆದ್ದರಿಂದ ಚೆನ್ನಾಗಿ ತೊಳೆದು, ಕೊನೆಯ ನೀರಿಗೆ ಸ್ವಲ್ಪ ಅಸಿಟಿಕ್ ಆಮ್ಲ ಸೇರಿಸಿ, ಪಿಎಚ್ ಕಾಗದದಲ್ಲಿ 7 ಬಂದ ಮೇಲೆಯೇ ಒಣಗಲು ಹಾಕಬೇಕು.

ತೊಳೆದ ನೀರು ಕಪ್ಪಾಗಿ, ತೀಕ್ಷ್ಣ ಕ್ಷಾರವಾಗಿ ಇರುತ್ತದೆ. ಅದನ್ನು ತೋಟದ ಬಸಿಗಾಲುವೆಗೋ ಹಳ್ಳಕ್ಕೋ ಬಿಡುವುದು ಸರ್ವಥಾ ಸಲ್ಲದು. ತಟಸ್ಥಗೊಳಿಸುವ ತೊಟ್ಟಿ ಕಟ್ಟದೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯದೆ ಈ ಕೆಲಸಕ್ಕೆ ಕೈ ಹಾಕಬಾರದು. ಮಣ್ಣನ್ನು ಉಳಿಸಲೆಂದು ಹೊರಟ ಕುಂಡಕ್ಕಾಗಿ ಹಳ್ಳದ ನೀರನ್ನು ಕೆಡಿಸುವಂತಾಗಬಾರದಲ್ಲವೇ? ನಿಮ್ಮ ಉಪಯೋಗಕ್ಕೆ ನಾನಾದರೆ ಬಿಸಿ ನೀರಿನ ತೊಳೆತದಲ್ಲಿಯೇ ಮೊದಲು ಎಷ್ಟು ಸುಧಾರಣೆ ಬರುತ್ತದೆಂದು ನೋಡುತ್ತೇನೆ.

ಕೆನಾಫ್ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಟೊಯೋಟಾ ಕಂಪನಿ 2003ರಲ್ಲಿ ತನ್ನ ರೌಮ್ ಕಾರಿನ ಬಿಡಿ ಚಕ್ರದ ಮುಚ್ಚಳವನ್ನು ಪಿಎಲ್‌ಎ ಮತ್ತು ಕೆನಾಫ್ ನಾರಿನಿಂದ ಮಾಡಿತು. 2006ರಲ್ಲಿ ಎನ್‌ಇಸಿ ಇದೇ ಜೋಡಿಯಿಂದ ಮೊಬೈಲ್ ಫೋನಿನ ಹೊರಕವಚ ತಯಾರಿಸಿತು. ಕೆನಾಫ್ ನಮ್ಮ ಉತ್ತರ ಕರ್ನಾಟಕದ ಪುಂಡಿಯ ಬಳಗದ್ದು, ಸೆಣಬಿನಂತೆ ನೇರ ಎಳೆಗಳ ನಾರು. ಪಿಎಲ್‌ಎಯಲ್ಲಿಯೇ ಕೆಲಸ ಮಾಡಬೇಕೆಂಬ ಹಟವಿದ್ದರೆ ಅಂಥ ನಾರನ್ನು ಹುಡುಕಬೇಕು, ಅಡಿಕೆಯದನ್ನಲ್ಲ.

ಪ್ರತಿಕ್ರಿಯೆ: ಸಾಗರದ ನರ್ಸರಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ತೇವಾಂಶದ ಲೆಕ್ಕವಂತೂ ನಮ್ಮ ಕಣ್ಣು ತೆರೆಸಿತು. ಪಿಬಿಎಟಿಯ ಕಡೆಗೆ ತಿರುಗುವುದು ಸರಿಯೆನಿಸುತ್ತಿದೆ. ಆದರೆ ಅದು ಪೆಟ್ರೋಲಿಯಂ ಮೂಲದ್ದು ಎಂದು ಓದಿದ್ದೇನೆ. ಸಸ್ಯಮೂಲದ ಪಿಎಲ್‌ಎ ಬಿಟ್ಟು ಪೆಟ್ರೋಲಿಯಂ ಪ್ಲಾಸ್ಟಿಕ್ಕನ್ನು ಮಣ್ಣಿಗೆ ಹಾಕುವುದು ಉದ್ದೇಶಕ್ಕೆ ವಿರುದ್ಧವಾಗುವುದಿಲ್ಲವೇ? ಇನ್ನೊಂದು ಪ್ರಶ್ನೆಯೂ ಇದೆ. ನಮ್ಮ ಊರಿನ ಪಕ್ಕದಲ್ಲಿ ಹಾಳೆ ತಟ್ಟೆ ಮಾಡುವ ಘಟಕವಿದೆ, ಅದರ ಬಿಸಿ ಪ್ರೆಸ್ಸನ್ನು ಇದಕ್ಕೆ ಬಳಸಲು ಸಾಧ್ಯವೇ?

ಉತ್ತರ: ಕಾಂಪೋಸ್ಟ್ ಪರೀಕ್ಷಕಿ

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಈ ಗೊಂದಲ ಬಹಳ ವ್ಯಾಪಕವಾಗಿದೆ ಮತ್ತು ಅದರಿಂದ ಆಗುವ ಹಾನಿಯೂ ಸಣ್ಣದಲ್ಲ. ಒಂದು ಪ್ಲಾಸ್ಟಿಕ್ ಯಾವುದರಿಂದ ಹುಟ್ಟಿತು ಎಂಬುದಕ್ಕೂ ಅದು ಕೊಳೆಯುತ್ತದೆಯೇ ಎಂಬುದಕ್ಕೂ ನೇರ ಸಂಬಂಧವಿಲ್ಲ. ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ತಮ್ಮ ಕಿಣ್ವಗಳು ಕಡಿಯಬಲ್ಲ ಬಂಧಗಳು. ಪಿಎಲ್‌ಎ ಕಬ್ಬು ಅಥವಾ ಮೆಕ್ಕೆಜೋಳದಿಂದ ಬಂದದ್ದು ನಿಜ. ಆದರೆ 55ರಿಂದ 60 ಡಿಗ್ರಿಗಿಂತ ಕೆಳಗೆ ಅದರ ಸರಪಳಿಗಳು ಗಾಜಿನಂತೆ ಸೆಟೆದು ನಿಂತಿರುತ್ತವೆ. ಕೈಗಾರಿಕಾ ಮಟ್ಟದ ಕಾಂಪೋಸ್ಟ್ ಘಟಕದಲ್ಲಿ 58 ಡಿಗ್ರಿಯ ಸುಮಾರಿನಲ್ಲಿ ಅದು ತಿಂಗಳುಗಳಲ್ಲಿ ಮುಗಿಯುತ್ತದೆ. ನಿಮ್ಮ ತೋಟದ ನೆರಳಿನ ಮಣ್ಣಿನಲ್ಲಿ 25 ಡಿಗ್ರಿಯ ಆಸುಪಾಸಿನಲ್ಲಿ ವರ್ಷಗಟ್ಟಲೆ ಹಾಗೆಯೇ ಕುಳಿತಿರುತ್ತದೆ, ಬೇರುಗಳಿಗೂ ಅಡ್ಡಿಯಾಗುತ್ತದೆ. ಗುಂಡಿಯಲ್ಲಿ ಇಳಿಸುವ ಕುಂಡಕ್ಕೆ ಪಿಎಲ್‌ಎ ಒಂದನ್ನೇ ಬಳಸುವುದು ಸೂಕ್ತವಲ್ಲ, ಬಲದ ಮಾತು ಅದರ ನಂತರದ್ದು.

ಪಿಬಿಎಟಿ ಬಹುಪಾಲು ಪೆಟ್ರೋಲಿಯಂ ಮೂಲದ್ದಾದರೂ ಅದರಲ್ಲಿರುವ ಅಡಿಪಿಕ್ ಆಮ್ಲದ ಭಾಗಗಳ ಬಳಿಯ ಬಂಧಗಳನ್ನು ಮಣ್ಣಿನ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಕಡಿಯಬಲ್ಲವು. ಯುರೋಪಿನಲ್ಲಿ ಹೊಲಕ್ಕೆ ಹಾಸಿ ಅಲ್ಲಿಯೇ ಉಳುವ ಮಲ್ಚಿಂಗ್ ಹಾಳೆಗಳಲ್ಲಿ ಇದು ಮುಖ್ಯ ಅಂಶ. ಆ ಹಾಳೆಗಳಿಗೆ 2018ರಲ್ಲಿ ಬಂದ ಇಎನ್ 17033 ಮಾನದಂಡ, 25 ಡಿಗ್ರಿಯ ಸುಮಾರಿನ ಮಣ್ಣಿನಲ್ಲಿ ಎರಡು ವರ್ಷದೊಳಗೆ ಶೇಕಡಾ 90ರಷ್ಟು ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬರಬೇಕು ಎನ್ನುತ್ತದೆ. ನಿಮಗೆ ಹತ್ತಿರವಾದ ಗುರಿ ಅದು. ನಮ್ಮ ದೇಶದಲ್ಲಿ ಕಾಂಪೋಸ್ಟಬಲ್ ಎಂದು ಮಾರಲು ಬೇಕಾದ ಐಎಸ್/ಐಎಸ್‌ಒ 17088 ಮಾನದಂಡ ಬೇರೆಯದು. ಅದು ಬಿಸಿಯಾದ ಕಾಂಪೋಸ್ಟ್ ರಾಶಿಯನ್ನು ಗಮನದಲ್ಲಿಟ್ಟುಕೊಂಡದ್ದು. ಮಾರಾಟಕ್ಕೆ ಇಳಿಯುವ ಮುನ್ನ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕಡ್ಡಾಯ ಎಂಬುದನ್ನು ಮರೆಯಬೇಡಿ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ 2024ರ ತಿದ್ದುಪಡಿಯಲ್ಲಿ, ಜೈವಿಕವಾಗಿ ವಿಘಟನೆಯಾಗುವ ಪ್ಲಾಸ್ಟಿಕ್ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಉಳಿಸಬಾರದು ಎಂಬ ಮಾತನ್ನು ಸ್ಪಷ್ಟವಾಗಿ ಸೇರಿಸಲಾಗಿದೆ.

ಸಂಸ್ಕರಣೆಯ ಬಗ್ಗೆ ಹಿರಿಯರು ಹೇಳಿದ್ದಕ್ಕೆ ನನ್ನದೂ ಒಂದು ಕಾರಣ ಸೇರಿಸುತ್ತೇನೆ. ಯುರೋಪಿನ ಇಎನ್ 13432 ಮಾನದಂಡದಲ್ಲಿ, ರಾಸಾಯನಿಕವಾಗಿ ಮಾರ್ಪಡಿಸದ ಮರದ ನಾರು, ಹತ್ತಿ, ಸೆಣಬಿನಂಥ ನೈಸರ್ಗಿಕ ವಸ್ತುಗಳನ್ನು ಜೈವಿಕ ವಿಘಟನೆಯ ಪರೀಕ್ಷೆಯಿಲ್ಲದೆಯೇ ಒಪ್ಪಿಕೊಳ್ಳುತ್ತಾರೆ, ರಾಸಾಯನಿಕ ಸಂಯೋಜನೆ, ಚೂರಾಗುವಿಕೆ ಮತ್ತು ಗೊಬ್ಬರದ ಗುಣಮಟ್ಟವನ್ನು ಮಾತ್ರ ಪರೀಕ್ಷಿಸುತ್ತಾರೆ. ನಾರಿನ ಮೈಗೆ ಅಂಟಿಕೆ ಹೆಚ್ಚಿಸುವ ಸೈಲೇನ್‌ನಂಥ ರಾಸಾಯನಿಕ ಬಂಧಿಸಿದರೆ ಈ ಸೌಲಭ್ಯ ಕೈತಪ್ಪುತ್ತದೆ. ಅಂಟಿಕೆ ಹೆಚ್ಚಿಸುವ ಪ್ರತಿಯೊಂದು ಉಪಾಯಕ್ಕೂ ಪರೀಕ್ಷೆಯ ಖರ್ಚಿನ ರೂಪದಲ್ಲಿ ಬೆಲೆ ತೆರಬೇಕಾಗುತ್ತದೆ.

ಉತ್ತರ: ವಿಟ್ಲದ ಕೃಷಿಕ

ಚರ್ಚೆ ಉಪಯುಕ್ತವಾಗಿದೆ, ಆದರೂ ನನ್ನದೊಂದು ಭಿನ್ನಾಭಿಪ್ರಾಯವಿದೆ. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ಕುಂಡಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ. ಪ್ಲಾಸ್ಟಿಕ್ ಎಂಬುದೇ ಇಲ್ಲದೆ ಕೆಲಸ ಆಗುತ್ತಿರುವಾಗ ಪಿಬಿಎಟಿಯ ಉಸಾಬರಿ ಏಕೆ? ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿಗೆ ನಾವು ಅವನ್ನೇ ಬಳಸುತ್ತೇವೆ, ಬೇರು ಗೋಡೆ ತೂರಿ ಹೊರಬರುತ್ತದೆ.

ಮತ್ತೊಂದು ಎಚ್ಚರಿಕೆ. ಇದೇ ಮಿಶ್ರಣದಿಂದ ಮುಂದೆ ತಟ್ಟೆ, ಲೋಟ ಮಾಡುವ ಆಲೋಚನೆ ಇದ್ದರೆ ಈಗಲೇ ಯೋಚಿಸಿ. 2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳಿಂದ ಅಡಿಕೆಯ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ಕೊಟ್ಟು ಆಮದಿನ ಮೇಲೆ ತಡೆ ಹಾಕಿತು. ನಮ್ಮ ಜಿಲ್ಲೆಯ ಹಾಳೆ ತಟ್ಟೆ ಘಟಕಗಳಿಗೆ ಅದು ದೊಡ್ಡ ಹೊಡೆತ. ಸಿಪ್ಪೆಯ ನಾರಿಗೂ ಅದೇ ಪ್ರಶ್ನೆ ಎದುರಾಗದೆ ಇರುವುದಿಲ್ಲ.

ಉತ್ತರ: ಪೀಣ್ಯದ ಪಾಲಿಮರ್ ಎಂಜಿನಿಯರ್

ವಿಟ್ಲದವರ ಎಚ್ಚರಿಕೆಯನ್ನು ಪೂರ್ಣವಾಗಿ ಒಪ್ಪುತ್ತೇನೆ. 2021ರಲ್ಲಿ ಯುರೋಪಿನ ಒಕ್ಕೂಟವು ಬಿದಿರಿನ ಪುಡಿ ಬೆರೆಸಿದ ಮೆಲಮೈನ್ ಲೋಟ, ತಟ್ಟೆಗಳ ವಿರುದ್ಧ ಕ್ರಮಕ್ಕೆ ಮುಂದಾದದ್ದೂ ಇಂಥದೇ ಕಾರಣಕ್ಕೆ: ನೈಸರ್ಗಿಕ ಪುಡಿ ಎಂದ ಮಾತ್ರಕ್ಕೆ ಆಹಾರ ತಾಗುವ ಪ್ಲಾಸ್ಟಿಕ್ಕಿನಲ್ಲಿ ಅದಕ್ಕೆ ಅನುಮತಿ ಇರಲಿಲ್ಲ. ಆ ಪಾತ್ರೆಗಳನ್ನು ಪರಿಸರಸ್ನೇಹಿ ಎಂದು ಮಾರುತ್ತಿದ್ದರು, ಮೆಲಮೈನ್ ಕೊಳೆಯುವ ವಸ್ತುವೇ ಅಲ್ಲ. ಕುಂಡದ ಉಪಯೋಗ ಆರಿಸಿಕೊಂಡದ್ದು ಒಳ್ಳೆಯ ತೀರ್ಮಾನ. ಬಿಸಿ ಸಾರು ಬಡಿಸುವ ತಟ್ಟೆಯಾಗಿದ್ದರೆ ಶಾಖದ ಸಮಸ್ಯೆಯೂ ಸೇರುತ್ತಿತ್ತು, ಪಿಎಲ್‌ಎ 55 ಡಿಗ್ರಿಗೇ ಮೆತ್ತಗಾಗುತ್ತದೆ, ನಾರು ಬೆರೆಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ.

ರಬ್ಬರ್ ಹಾಲಿನ ಕುಂಡದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಬೇಗ ನಾಟಿಗೆ ಬರುವ ಮೆಣಸಿಗೆ ಅವು ಸರಿಯಾಗಿಯೇ ಇವೆ. ಅಡಿಕೆ ಸಸಿ ನರ್ಸರಿಯಲ್ಲಿ ವರ್ಷ ದಾಟಿ ಇರುತ್ತದೆ, ದಿನವೂ ನೀರು ಬೀಳುತ್ತದೆ, ಆಮೇಲೆ ಜೀಪಿನಲ್ಲಿ ಹೇರಿ ಸಾಗಿಸಬೇಕು. ಅಷ್ಟು ಕಾಲ ಗೋಡೆ ಕುಸಿಯದೆ ನಿಲ್ಲಬೇಕಾದಲ್ಲಿ ಪಿಬಿಎಟಿಯಂಥ ಬಂಧಕಕ್ಕೆ ಜಾಗವಿದೆ.

ಹಾಳೆ ತಟ್ಟೆಯ ಪ್ರೆಸ್ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು, ಏಕೆಂದರೆ ನಾರನ್ನು ಪುಡಿಮಾಡುವ ಎಕ್ಸ್‌ಟ್ರೂಡರನ್ನೇ ಇಲ್ಲಿ ತಪ್ಪಿಸಬಹುದು. ನಾರನ್ನು ತೆಳುವಾಗಿ ಹರಡಿ ಚಾಪೆಯಂತೆ ಮಾಡಿ, ಅದರ ಕೆಳಗೂ ಮೇಲೂ ಪಿಬಿಎಟಿ ಹಾಳೆ ಇಟ್ಟು, ಹೀಗೆ ಪದರದ ಮೇಲೆ ಪದರ ಜೋಡಿಸಿ 150 ಡಿಗ್ರಿಯಲ್ಲಿ ಒತ್ತಿದರೆ ನಾರು ಸೆಂಟಿಮೀಟರುಗಟ್ಟಲೆ ಉದ್ದವಾಗಿಯೇ ಉಳಿಯುತ್ತದೆ. ಕನಿಷ್ಠ ಉದ್ದದ ಚಿಂತೆ ಅಲ್ಲಿಗೆ ಮುಗಿಯುತ್ತದೆ, ಕಾಸ್ಟಿಕ್ ಸೋಡಾ ಇಲ್ಲದೆಯೂ ಕೆಲಸ ಸಾಗುವ ಸಾಧ್ಯತೆ ಹೆಚ್ಚುತ್ತದೆ. ನಾರುಗಳು ಒಂದೇ ಸಮತಲದಲ್ಲಿ ಮಲಗುವುದರಿಂದ ಅವುಗಳ ಕೊಡುಗೆಯೂ ಐದನೆಯ ಒಂದು ಪಾಲಿನಿಂದ ಎಂಟರಲ್ಲಿ ಮೂರು ಪಾಲಿಗೆ ಏರುತ್ತದೆ. ಎರಡು ವಿಷಯ ಗಮನಿಸಿ. ಹಾಳೆ ತಟ್ಟೆಯನ್ನು ಬಿಸಿಯಿರುವಾಗಲೇ ಅಚ್ಚಿನಿಂದ ತೆಗೆಯುತ್ತಾರೆ. ಪಿಬಿಎಟಿಯನ್ನು ಹಾಗೆ ತೆಗೆದರೆ ಆಕಾರ ಕುಸಿಯುತ್ತದೆ, ಒತ್ತಡದಲ್ಲಿಯೇ ಅಚ್ಚನ್ನು ಸುಮಾರು 60 ಡಿಗ್ರಿಗೆ ತಣಿಸಬೇಕು. ಅದಕ್ಕಾಗಿ ಅಚ್ಚಿನೊಳಗೆ ನೀರಿನ ಕೊಳವೆ ಹಾಯಿಸಬೇಕಾಗುತ್ತದೆ, ಇಲ್ಲವೇ ಬಿಸಿಗೊಂದು ತಣ್ಣಗಿನದೊಂದು ಎಂದು ಎರಡು ಪ್ರೆಸ್ ಬೇಕು. ಎರಡನೆಯದಾಗಿ, ಇಂಥ ಪ್ರೆಸ್ಸಿನಲ್ಲಿ ಆಳವಾದ ಕುಂಡ ನೇರವಾಗಿ ಬರುವುದಿಲ್ಲ. ಚಪ್ಪಟೆ ಹಾಳೆ ಒತ್ತಿ, ಸುರುಳಿ ಸುತ್ತಿ, ಅಂಚನ್ನು ಬಿಸಿ ಮಾಡಿ ಬೆಸೆದು, ತಳಕ್ಕೆ ಬಿಲ್ಲೆ ಕೂಡಿಸುವುದು ಸುಲಭದ ದಾರಿ. ಕತ್ತರಿಸಿದ ಅಂಚುಗಳಲ್ಲಿ ನಾರಿನ ತುದಿ ಹೊರಗೆ ಇಣುಕದಂತೆ ಬೆಸೆಯಿರಿ, ನೀರು ಒಳಗೆ ಇಳಿಯುವುದು ಅಲ್ಲಿಂದಲೇ.

ಉತ್ತರ: ಕಾಂಪೋಸ್ಟ್ ಪರೀಕ್ಷಕಿ

ಹಾಳೆ ತಯಾರಾದ ಮೇಲೆ ನೀವು ಅದನ್ನು ತೋಟದಲ್ಲಿ ಹೂತು ನೋಡುವಿರಿ ಎಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ. ಅಳೆದು ಕತ್ತರಿಸಿದ ತುಂಡುಗಳನ್ನು ನೈಲಾನ್ ಬಲೆಯ ಚೀಲಗಳಲ್ಲಿಟ್ಟು, ಗಿಡದ ಬುಡದ ಆಳದಲ್ಲಿ ಹೂತು, ಎರಡು ತಿಂಗಳಿಗೊಮ್ಮೆ ಒಂದೊಂದನ್ನು ತೆಗೆದು, ತೊಳೆದು, ಒಣಗಿಸಿ ತೂಗಿ. ನಾರು ಬೆರೆತ ತುಂಡುಗಳ ಜೊತೆಗೆ ಅದೇ ದಪ್ಪದ, ನಾರಿಲ್ಲದ ಪಿಬಿಎಟಿ ತುಂಡುಗಳನ್ನೂ, ಬರಿಯ ನಾರಿನ ಚೀಲವೊಂದನ್ನೂ ತಪ್ಪದೆ ಹೂಳಬೇಕು. ಏಕೆಂದರೆ ಮಣ್ಣಿನ ಜೀವಿಗಳು ಮೊದಲು ತಿನ್ನುವುದು ನಾರನ್ನು. ಶೇಕಡಾ 30ರಷ್ಟು ನಾರಿರುವ ತುಂಡಿನ ತೂಕ ಶೇಕಡಾ 30ರಷ್ಟು ಇಳಿದರೆ ಅದು ಕೊಳೆಯುತ್ತಿದೆ ಎಂದು ಸಂತೋಷಪಡುವುದು ಸಹಜ, ಆದರೆ ಆ ಹೊತ್ತಿಗೆ ಪ್ಲಾಸ್ಟಿಕ್ ಒಂದಿಷ್ಟೂ ಕರಗಿರದೆ, ನಾರು ಬಿಟ್ಟುಹೋದ ತೂತುಗಳಿಂದಾಗಿ ಚೂರುಚೂರಾಗಿ ಮಣ್ಣಿಗೆ ಬೆರೆಯಲು ತೊಡಗಿರಬಹುದು. ನಾರಿಲ್ಲದ ತುಂಡಿನ ತೂಕವೂ ಇಳಿಯುತ್ತಿದ್ದರೆ ಮಾತ್ರ ಮುಂದಿನ ಹೆಜ್ಜೆಯಾಗಿ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಕಾರ್ಬನ್ ಡೈಆಕ್ಸೈಡ್ ಅಳೆಯುವ ಪರೀಕ್ಷೆಗೆ ಹಣ ಹಾಕಿ. ತೂಕ ಇಳಿದದ್ದಷ್ಟೇ ನೋಡಿ ಕುಂಡಗಳನ್ನು ಇತರರ ತೋಟಕ್ಕೆ ಕೊಡಬೇಡಿ.